ಭವಿಷ್ಯನಿಧಿಯ ಒಡೆತನ

ತಿಂಗಳ ಸಂಬಳವು ಕೆಲಸಗಾರನ ಕೈಸೇರುವ ಮೊದಲೇ ಅದರಲ್ಲಿ ಒಂದಂಶವನ್ನು ಮಾಲಿಕನು ಮುರಿದುಕೊಳ್ಳುತ್ತಾನೆ. ಆ ಹಣವು ಕೆಲಸಗಾರನ ಕೈಗೆ ಎಂದೂ ಬರಲಿಲ್ಲವಾದುದರಿಂದ ಅದು ಅವನದೆಂದು ಹೇಳುವುದು ಕಷ್ಟ; ಮಾಲಿಕನು ಅದನ್ನು ಸಂಬಳದ ಲೆಕ್ಕದಲ್ಲಿ ಖರ್ಚು ಬರೆದಿರುವುದರಿಂದ ಅದು ಅವನದೆಂದು ಹೇಳುವುದೂ ಸರಿಯಲ್ಲ. ಮುಪ್ಪಿನ ದಿನಗಳಿಗೆಂದು ಹೀಗೆ ಕೂಡಿಡುವ ಹಣವು ಮುರಿದುಕೊಂಡ ದಿನದಿಂದ ಹಿಂದಿರುಗಿಸುವ ದಿನದವರೆಗೆ, ಅಂದರೆ ಒಮ್ಮೊಮ್ಮೆ ಮೂವತ್ತು ಮೂವತ್ತೈದು ವರ್ಷಗಳ ಕಾಲ, ಯಾರ ಸ್ವತ್ತಾಗಿರುತ್ತದೆ? ಭಾರತದ ಭವಿಷ್ಯನಿಧಿ ಕಾಯಿದೆಗಳ ಚರಿತ್ರೆಯೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ಬೆಳೆದುದು. ಈ ಕಾಯಿದೆಗಳನ್ನು ಕಾರ್ಮಿಕಕಲ್ಯಾಣದ ಇತಿಹಾಸದಲ್ಲಿ ಒಂದು ಅಧ್ಯಾಯವನ್ನಾಗಿ ಬರೆಯುವುದು ವಾಡಿಕೆ. ಆದರೆ ಅವುಗಳ ಕಲಮುಗಳನ್ನು ಕಾಲಾನುಕ್ರಮವಾಗಿ ಓದುತ್ತ ಹೋದರೆ ಬೇರೊಂದು ಸಂಗತಿಯು ಗೋಚರವಾಗುವುದು. ಪ್ರತಿಯೊಂದು ಕಾಯಿದೆಯೂ ಈ ಹಣಕ್ಕೆ ಒಬ್ಬ ಶತ್ರುವನ್ನು ಎದುರಿಗಿಟ್ಟುಕೊಂಡು ಅವನಿಂದ ಅದನ್ನು ಕಾಪಾಡಲು ಹೊರಟಿದೆ. ಆ ಶತ್ರುವು ಮೊದಲು ಸಾಲ ಕೊಟ್ಟ ಸಾಹುಕಾರನಾಗಿದ್ದನು, ಅನಂತರ ಮಾಲಿಕನಾದನು, ಕಟ್ಟಕಡೆಗೆ, ಆಶ್ಚರ್ಯವೆನಿಸಿದರೂ, ಹಣದ ಒಡೆಯನಾದ ಕೆಲಸಗಾರನೇ ಆದನು.

ನೌಕರನ ವೇತನದಲ್ಲಿ ಒಂದು ಪಾಲನ್ನು ತಡೆದಿಟ್ಟು ಮುಂದೆ ಕೊಡುವ ಪದ್ಧತಿಯು ಭಾರತದಲ್ಲಿ ಪ್ರಾಚೀನವಾದುದೆಂದು ತೋರಿಸಲು ಶುಕ್ರನೀತಿಯನ್ನು ಉದಾಹರಿಸುವುದುಂಟು. ಸೇವಕನ ಭೃತಿಯಲ್ಲಿ ಆರನೆಯ ಒಂದು ಅಥವಾ ನಾಲ್ಕನೆಯ ಒಂದು ಭಾಗವನ್ನು ಉಳಿಸಿಕೊಂಡು, ಎರಡು ಮೂರು ವರ್ಷಗಳಲ್ಲಿ ಅದರ ಅರ್ಧವನ್ನೋ ಪೂರ್ತಿಯನ್ನೋ ಕೊಡಬೇಕೆಂದೂ, ನಲವತ್ತು ವರ್ಷ ಸೇವೆ ಮಾಡಿದವನಿಗೆ ಕೆಲಸವಿಲ್ಲದೆಯೇ ಅರ್ಧ ಭೃತಿಯನ್ನು ಸಲ್ಲಿಸಬೇಕೆಂದೂ ಆ ಗ್ರಂಥದಲ್ಲಿದೆ. ಆದರೆ ಇದರ ಮೇಲೆ ಹೆಚ್ಚು ಭಾರವನ್ನು ಹೊರಿಸುವಂತಿಲ್ಲ. ಶುಕ್ರನೀತಿಯು ಈಗ ದೊರೆಯುವ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ಹಾಗಾದಲ್ಲಿ ಅದು ಕಂಪೆನಿಯ ಕಾಲದ ಕಚೇರಿಗಳನ್ನು ಕಂಡವರ ಮಾತೇ ಆದೀತು. ಇದಕ್ಕಿಂತ ಪ್ರಯೋಜನಕರವಾದುದು ಧರ್ಮಶಾಸ್ತ್ರಕಾರರು ಮಾಡಿರುವ ವಿಭಾಗ. ಮನುವು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ, ಅಂದರೆ ನಂಬಿ ಒಪ್ಪಿಸಿದ ವಸ್ತುವಿನ ವಿಷಯ. ಆರನೆಯದು ವೇತನವನ್ನು ಕೊಡದಿರುವ ವಿಷಯ. ಕಲ್ಯಾಣದ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಇವೆರಡನ್ನು ಬೇರೆಬೇರೆಯಾಗಿಯೇ ವಿವೇಚಿಸುತ್ತಾನೆ. ವೇತನವನ್ನು ಕೊಡದವನು ಸಾಲವನ್ನು ತೀರಿಸದವನಂತೆ. ನಿಕ್ಷೇಪವನ್ನು ನುಂಗಿದವನಾದರೋ ಕಳ್ಳನಂತೆ. ಕೆಲಸಗಾರನ ಸಂಬಳದಿಂದ ಮುರಿದುಕೊಂಡ ಹಣವು ಈ ಎರಡರಲ್ಲಿ ಯಾವ ಪದಕ್ಕೆ ಸೇರಿದುದು ಎಂಬುದನ್ನು ತೀರ್ಮಾನಿಸಲು ಆಧುನಿಕ ಭಾರತದ ಶಾಸನಕಾರರಿಗೆ ಮುಕ್ಕಾಲು ಶತಮಾನವೇ ಬೇಕಾಯಿತು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಬರುವ ಅಷ್ಟಭೋಗಗಳಲ್ಲಿಯೂ ನಿಧಿಯೊಂದು, ನಿಕ್ಷೇಪವೊಂದು ಎಂದು ಪ್ರತ್ಯೇಕವಾಗಿಯೇ ಎಣಿಕೆಯಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡದಲ್ಲಿ ಪ್ರಾವಿಡೆಂಟ್ ಫಂಡಿಗೆ ಭವಿಷ್ಯನಿಧಿಯೆಂಬ ಹೆಸರು ನಿಂತಿದೆ. ಹೆಸರು ನಿಧಿಯಾದರೂ ವಸ್ತುವು ನಿಕ್ಷೇಪವೇ.

ಆಂಗ್ಲ ಸರಕಾರವು ತನ್ನ ನೌಕರರಿಗೆ ಕೊಡುತ್ತಿದ್ದ ಪಿಂಚಣಿಯು ಪ್ರಭುವಿನ ಅನುಗ್ರಹವೆಂಬ ಭಾವನೆಯ ಮೇಲೆ ನಿಂತಿದ್ದಿತು. ೧೮೭೧ರ ಪಿಂಚಣಿ ಕಾಯಿದೆಯು ಪಿಂಚಣಿಯ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳು ದಾವೆಯನ್ನು ತೆಗೆದುಕೊಳ್ಳಕೂಡದೆಂದು ವಿಧಿಸಿತು. ಅದೇ ಕಾಯಿದೆಯು ಸಾಲಕ್ಕಾಗಿ ಪಿಂಚಣಿಯನ್ನು ಜಪ್ತಿ ಮಾಡಕೂಡದೆಂದೂ ಹೇಳಿತು. ಪಡೆಯುವವನಿಗೆ ಹಕ್ಕಿಲ್ಲ, ಸಾಲ ಕೊಟ್ಟವನಿಗೂ ಹಕ್ಕಿಲ್ಲ. ಭವಿಷ್ಯನಿಧಿಯು ಇದಕ್ಕಿಂತ ಭಿನ್ನವಾದುದು. ಅದರಲ್ಲಿ ನೌಕರನ ಸ್ವಂತ ಸಂಬಳದ ಪಾಲೇ ಸೇರಿರುವುದರಿಂದ ಅನುಗ್ರಹದ ಮಾತು ಅಲ್ಲಿ ನಡೆಯದು. ರೈಲ್ವೆಯಲ್ಲಿಯೂ ಸರಕಾರದ ಇತರ ಶಾಖೆಗಳಲ್ಲಿಯೂ ಇಂತಹ ನಿಧಿಗಳು ಬೆಳೆದಂತೆ, ಅಲ್ಲಿ ಕೂಡಿದ ಹಣದ ಮೇಲೆ ಸಾಹುಕಾರರ ಕಣ್ಣು ಬಿದ್ದಿತು. ಡಿಕ್ರಿ ಪಡೆದವನು ನೌಕರನ ಮನೆಯ ಪಾತ್ರೆಪದಾರ್ಥಗಳನ್ನು ಎಳೆಯುವುದಕ್ಕಿಂತ ಕಚೇರಿಯ ಪುಸ್ತಕದಲ್ಲಿ ಅವನ ಹೆಸರಿಗಿರುವ ಮೊಬಲಗನ್ನು ಹಿಡಿಯುವುದು ಸುಲಭವಷ್ಟೆ. ೧೮೯೭ರ ೯ನೆಯ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ ೧೯೨೫ರ ೧೯ನೆಯ ಕಾಯಿದೆಯೂ ಹುಟ್ಟಿದುದು ಈ ಬಾಗಿಲನ್ನು ಮುಚ್ಚುವುದಕ್ಕಾಗಿ. ೧೯೨೫ರ ಕಾಯಿದೆಯ ೩ನೆಯ ಕಲಮಿನಂತೆ ಸರಕಾರದ ಅಥವಾ ರೈಲ್ವೆಯ ನಿಧಿಯಲ್ಲಿರುವ ಕಡ್ಡಾಯ ಠೇವಣಿಯನ್ನು ಯಾರಿಗೂ ಪರಭಾರೆ ಮಾಡಲಾಗದು, ಅದರ ಮೇಲೆ ಸಾಲದ ಹೊರೆ ಹೊರಿಸಲಾಗದು, ಯಾವ ನ್ಯಾಯಾಲಯದ ಡಿಕ್ರಿಯೂ ಅದನ್ನು ಜಪ್ತಿ ಮಾಡಲಾರದು. ನೌಕರನು ಒಪ್ಪಿ ಬರೆದುಕೊಟ್ಟರೂ ಬರೆಹವು ನಿಲ್ಲದು. ನೌಕರನನ್ನು ಅವನ ಕೈಬರೆಹದಿಂದಲೇ ರಕ್ಷಿಸುವ ಈ ವಿಧಿಯಲ್ಲಿ ಮುಂದಿನ ಕಥೆಯ ಬೀಜವು ಆಗಲೇ ಇದ್ದಿತು.

ಖಾಸಗಿ ಕಾರ್ಖಾನೆಗಳಲ್ಲಿ ಸ್ಥಿತಿಯು ಬೇರೆಯಾಗಿದ್ದಿತು. ಕೆಲವು ದೊಡ್ಡ ಕಂಪೆನಿಗಳು ಯಾವ ಕಾಯಿದೆಯ ಒತ್ತಾಯವೂ ಇಲ್ಲದೆ ನಿಧಿಗಳನ್ನು ತೆರೆದವು. ಜಮ್‌ಷೆಡ್‌ಪುರದ ತಾತಾ ಉಕ್ಕಿನ ಕಾರ್ಖಾನೆಯ ನಿಧಿಯು ೧೯೨೦ರಷ್ಟು ಹಿಂದಿನದು. ಇಂತಹ ನಿಧಿಗಳ ನಿಯಮಗಳನ್ನು ಬರೆಯುವವನು ಮಾಲಿಕನೇ, ಹಣವನ್ನು ಇಟ್ಟುಕೊಳ್ಳುವವನೂ ಅವನೇ. ನಿಧಿಯೆಂದರೆ ಅನೇಕ ಕಡೆ ಕಂಪೆನಿಯ ಖಾತೆಪುಸ್ತಕದಲ್ಲಿ ಒಂದು ಪುಟವಲ್ಲದೆ ಬೇರೆ ಪೆಟ್ಟಿಗೆಯೇನೂ ಇರಲಿಲ್ಲ. ಪುಟದಲ್ಲಿ ಜಮೆಯಾದ ಹಣವು ವಾಸ್ತವವಾಗಿ ಹತ್ತಿಯಾಗಿಯೋ ಯಂತ್ರವಾಗಿಯೋ ಮಾರ್ಪಟ್ಟಿರುತ್ತಿದ್ದಿತು. ವ್ಯಾಪಾರವು ಚೆನ್ನಾಗಿರುವವರೆಗೆ ಇದರಿಂದ ಯಾರಿಗೂ ಹಾನಿಯಿಲ್ಲ. ಕಂಪೆನಿಯು ಮುಳುಗಿದ ದಿನ ಮುಪ್ಪಿನ ಕೆಲಸಗಾರನು ಹತ್ತಿಯ ವ್ಯಾಪಾರಿಯ ಪಕ್ಕದಲ್ಲಿ, ಆಧಾರವಿಲ್ಲದ ಸಾಲಗಳ ಪಟ್ಟಿಯಲ್ಲಿ ನಿಲ್ಲಬೇಕಾಗುತ್ತಿದ್ದಿತು.

ಈ ಸ್ಥಿತಿಯನ್ನು ತಿದ್ದಲು ಸರಕಾರವು ಮೊದಲು ಹಿಡಿದ ದಾರಿಯು ಆಜ್ಞೆಯದಲ್ಲ, ಆಸೆಯದು. ೧೯೨೨ರ ಆದಾಯತೆರಿಗೆ ಕಾಯಿದೆಗೆ ೧೯೨೯ರಲ್ಲಿ ಒಂದು ಹೊಸ ಅಧ್ಯಾಯವು ಸೇರಿತು. ತೆರಿಗೆಯ ರಿಯಾಯಿತಿ ಬೇಕಾದರೆ ನಿಧಿಯು ಮಾನ್ಯತೆಯನ್ನು ಪಡೆಯಬೇಕು. ಮಾನ್ಯತೆ ಬೇಕಾದರೆ ಹಣವು ಇಬ್ಬರು ಅಥವಾ ಹೆಚ್ಚು ಮಂದಿ ಧರ್ಮದರ್ಶಿಗಳ ವಶದಲ್ಲಿರಬೇಕು. ಆ ನ್ಯಾಸವನ್ನು ಫಲಾನುಭವಿಗಳೆಲ್ಲರ ಒಪ್ಪಿಗೆಯಿಲ್ಲದೆ ರದ್ದುಮಾಡಕೂಡದು. ತಪ್ಪು ಮಾಡಿ ವಜಾ ಆದವನ ಮತ್ತು ಗೊತ್ತಾದ ಅವಧಿಗೆ ಮೊದಲೇ ತಾನಾಗಿ ಬಿಟ್ಟುಹೋದವನ ವಿಷಯದಲ್ಲಿ ಹೊರತು, ಮಾಲಿಕನು ತಾನು ಕೊಟ್ಟ ವಂತಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಇಂದಿಗೂ ಲೆಕ್ಕಿಗರು ಉಚ್ಚರಿಸುವ ‘ಮಾನ್ಯತೆ ಪಡೆದ ನಿಧಿ’ ಎಂಬ ಮಾತಿನ ಮೂಲವು ಇದೇ. ೧೯೧೩ರ ಕಂಪೆನಿಗಳ ಕಾಯಿದೆಗೆ ೧೯೩೬ರಲ್ಲಾದ ತಿದ್ದುಪಡಿಯು ಇನ್ನೂ ಮುಂದೆ ಹೋಯಿತು: ನೌಕರರ ನಿಧಿಯ ಹಣವನ್ನು ಕಂಪೆನಿಯು ಅಂಚೆಕಚೇರಿಯ ಸೇವಿಂಗ್ಸ್ ಬ್ಯಾಂಕಿನಲ್ಲಿ ಇಡಬೇಕು, ಇಲ್ಲವೆ ಟ್ರಸ್ಟ್ ಕಾಯಿದೆಯು ಒಪ್ಪುವ ಪತ್ರಗಳಲ್ಲಿ ತೊಡಗಿಸಬೇಕು. ಅದೇ ೧೯೩೬ರ ಕೂಲಿ ಪಾವತಿ ಕಾಯಿದೆಯು, ಸಂಬಳದಿಂದ ಏನನ್ನು ಮುರಿದುಕೊಳ್ಳಬಹುದು ಎಂಬ ಪಟ್ಟಿಯಲ್ಲಿ ಮಾನ್ಯತೆ ಪಡೆದ ನಿಧಿಯ ವಂತಿಗೆಗೆ ಸ್ಥಳವನ್ನು ಕೊಟ್ಟಿತು. ಆದರೆ ನಿಧಿಯನ್ನೇ ತೆರೆಯದ ಮಾಲಿಕನನ್ನು ಇವುಗಳಲ್ಲಿ ಯಾವುದೂ ಮುಟ್ಟಲಿಲ್ಲ. ನಿಯಮಗಳಿದ್ದುದು ನಿಯಮಕ್ಕೆ ಒಳಗಾಗಲು ಒಪ್ಪಿದವರಿಗೆ ಮಾತ್ರ.

ಕಡ್ಡಾಯದ ಕಾಲವು ಸ್ವಾತಂತ್ರ್ಯದ ಬಳಿಕ ಬಂದಿತು. ೧೯೪೮ರಲ್ಲಿ ಕಲ್ಲಿದ್ದಲ ಗಣಿಗಳ ಕೆಲಸಗಾರರಿಗೆ ಪ್ರತ್ಯೇಕವಾದ ಕಾಯಿದೆಯಾಯಿತು. ೧೯೫೧ರ ನವೆಂಬರ್ ೧೫ರಂದು ಹೊರಟ ಅಧ್ಯಾದೇಶವನ್ನು ೧೯೫೨ರ ಮಾರ್ಚ್ ೪ರಂದು ೧೯ನೆಯ ಕಾಯಿದೆಯಾಗಿ ಸ್ಥಿರಪಡಿಸಲಾಯಿತು; ಅದರ ಕೆಳಗಿನ ಯೋಜನೆಯಂತೆ ವಂತಿಗೆಯ ವಸೂಲಿಯು ಆ ವರ್ಷದ ನವೆಂಬರ್ ೧ರಿಂದ ಮೊದಲಾಯಿತು. ಸಿಮೆಂಟು, ಸಿಗರೇಟು, ಇಂಜಿನಿಯರಿಂಗ್ ಸಾಮಾನು, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಲ್ಲಿ ಐವತ್ತಕ್ಕೆ ಕಡಿಮೆಯಿಲ್ಲದ ಕೆಲಸಗಾರರಿದ್ದ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿದ್ದಿತು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳ ಗಿರಣಿಯ ಜನರು ಬಟ್ಟೆಯ ಉದ್ಯಮದವರಾಗಿ ಅದರ ಒಳಗೆ ಬಂದರು. ಸರಕಾರದ ಸ್ವಂತ ಕಾರ್ಖಾನೆಗಳು ಹೊರಗೆ ಉಳಿದವು.

ವಂತಿಗೆಯ ದರವು ಮೂಲವೇತನ ಮತ್ತು ತುಟ್ಟಿಭತ್ಯಗಳ ಮೇಲೆ ನೂರಕ್ಕೆ ೬¼. ಕೆಲಸಗಾರನಿಂದ ಅಷ್ಟು, ಮಾಲಿಕನಿಂದ ಅಷ್ಟು. ದಶಮಾಂಶಕ್ಕೆ ಒಗ್ಗಿದ ಇಂದಿನ ಕಣ್ಣಿಗೆ ಈ ಅಂಕೆಯು ವಿಚಿತ್ರವಾಗಿ ತೋರುವುದು. ಹದಿನಾರಾಣೆಯ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಅದು ಸರಿಯಾಗಿ ರೂಪಾಯಿಗೆ ಒಂದಾಣೆ. ಗುಮಾಸ್ತನಿಗೆ ಬರೆಯಲು ಸುಲಭ, ಕೆಲಸಗಾರನಿಗೆ ಬೆರಳಲ್ಲಿ ಎಣಿಸಲು ಸುಲಭ. ಮುಂದೆ ದರವು ೮ಕ್ಕೆ, ೮⅓ಕ್ಕೆ, ೧೦ಕ್ಕೆ ಏರಿ ೧೯೯೭ರ ಸೆಪ್ಟೆಂಬರ್ ೨೨ರಿಂದ ೧೨ಕ್ಕೆ ನಿಂತಿತು. ಮೊದಲ ವರ್ಷ, ೧೯೫೨-೫೩ರಲ್ಲಿ, ಸದಸ್ಯರ ಹಣಕ್ಕೆ ಕೊಟ್ಟ ಬಡ್ಡಿಯು ನೂರಕ್ಕೆ ೩. ೧೯೮೯-೯೦ರಿಂದ ಹತ್ತು ಹನ್ನೊಂದು ವರ್ಷಗಳ ಕಾಲ ಅದು ೧೨ ಆಗಿದ್ದಿತು.

೧೯೫೨ರ ಕಾಯಿದೆಯ ಕರ್ತೃಗಳಿಗೆ ಮಾಲಿಕನ ಸ್ವಭಾವವು ಚೆನ್ನಾಗಿ ತಿಳಿದಿದ್ದಿತು. ತನ್ನ ಪಾಲಿನ ವಂತಿಗೆಯನ್ನು ಭರಿಸುವ ನೆಪದಲ್ಲಿ ಸಂಬಳವನ್ನು ಇಳಿಸಕೂಡದೆಂದು ೧೨ನೆಯ ಕಲಮು ಹೇಳಿತು. ಮಾಲಿಕನು ದಿವಾಳಿಯಾದರೆ ನಿಧಿಗೆ ಸಲ್ಲಬೇಕಾದ ಬಾಕಿಗೆ ಆದ್ಯತೆಯನ್ನು ೧೧ನೆಯ ಕಲಮು ಕೊಟ್ಟಿತು. ಸಾಹುಕಾರನ ಜಪ್ತಿಯಿಂದ ರಕ್ಷಣೆಯು ೧೦ನೆಯ ಕಲಮಿನಲ್ಲಿ ಉಳಿಯಿತು. ತಿಂಗಳು ಮುಗಿದ ಹದಿನೈದು ದಿನಗಳೊಳಗೆ ಎರಡೂ ಪಾಲುಗಳನ್ನು ಚಲನ್ ಮೂಲಕ ಕಟ್ಟಬೇಕು, ಪ್ರತಿಯೊಬ್ಬ ಸದಸ್ಯನ ಹೆಸರಿಗೂ ಲೆಕ್ಕದ ಪತ್ರವಿರಬೇಕು, ಇನ್‌ಸ್ಪೆಕ್ಟರನು ಬಂದಾಗ ಹಾಜರಿ ಮತ್ತು ಸಂಬಳದ ಪುಸ್ತಕಗಳನ್ನು ಮುಂದಿಡಬೇಕು ಎಂಬುದು ನಿಯಮವಾಯಿತು. ಇದಕ್ಕಿಂತ ಉತ್ತಮವಾದ ಅಥವಾ ಸಮನಾದ ನಿಧಿಯನ್ನು ತಾನೇ ನಡೆಸುತ್ತಿದ್ದ ಕಂಪೆನಿಯು ೧೭ನೆಯ ಕಲಮಿನಂತೆ ವಿನಾಯಿತಿಯನ್ನು ಪಡೆಯಬಹುದಾಗಿದ್ದಿತು. ಆದರೆ ಇಲ್ಲಿ ವಿನಾಯಿತಿಯೆಂಬುದು ಯೋಜನೆಯಿಂದ ಮಾತ್ರ, ಹೊಣೆಯಿಂದಲ್ಲ.

ನಿಯಮವಿದ್ದಲ್ಲಿ ನುಣುಚುವ ಉಪಾಯವೂ ಹುಟ್ಟುವುದು. ೧೯೬೦ರ ಡಿಸೆಂಬರ್ ೩೧ರಿಂದ ಐವತ್ತರ ಮಿತಿಯು ಇಪ್ಪತ್ತಕ್ಕೆ ಇಳಿದಾಗ ಹತ್ತೊಂಬತ್ತು ಜನರ ಕಾರ್ಖಾನೆಯೆಂಬ ಹೊಸ ಜಾತಿಯೇ ಕಾಣಿಸಿಕೊಂಡಿತು. ಒಂದೇ ಗೋಡೆಯ ಒಳಗೆ ಎರಡು ಹೆಸರಿನ ಎರಡು ಸಂಸ್ಥೆಗಳು ನಡೆದವು. ಹೊಸ ಕಾರ್ಖಾನೆಗೆ ಮೊದಲ ಮೂರು ವರ್ಷ ‘ಶೈಶವ’ವೆಂದು ಕಾಯಿದೆಯು ಬಿಡುವು ಕೊಟ್ಟಿದ್ದುದರಿಂದ, ಹಳೆಯದನ್ನು ಮುಚ್ಚಿ ಹೊಸ ಹೆಸರಿನಲ್ಲಿ ಮತ್ತೆ ಶಿಶುವಾಗುವ ದಾರಿಯೂ ಇದ್ದಿತು. ಶಾಖೆಗಳೆಲ್ಲವೂ ಸೇರಿ ಒಂದೇ ಸಂಸ್ಥೆಯೆಂದು ಹೇಳುವ ೨ಎ ಕಲಮು ಕಾಯಿದೆಗೆ ಸೇರಿತು. ಶೈಶವದ ರಿಯಾಯಿತಿಯು ೧೯೯೭ರಲ್ಲಿ ಹೋಯಿತು. ಇನ್ನೊಂದು ಉಪಾಯವು ಸಂಬಳದ ಚೀಟಿಯಲ್ಲಿಯೇ ಅಡಗಿದ್ದಿತು. ವಂತಿಗೆಯು ಮೂಲವೇತನದ ಮೇಲೆ ನಿಂತಿರುವುದರಿಂದ ಮೂಲವೇತನವನ್ನು ಸಣ್ಣದಾಗಿಸಿ ಉಳಿದುದಕ್ಕೆ ಪ್ರಯಾಣದ ಭತ್ಯ, ಊಟದ ಭತ್ಯ, ವಿಶೇಷ ಭತ್ಯ ಎಂದು ಹೆಸರಿಟ್ಟರೆ ಹೊರೆಯು ತಾನಾಗಿ ಇಳಿಯುವುದು. ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಭತ್ಯವು ಹೆಸರು ಏನೇ ಇದ್ದರೂ ಮೂಲವೇತನವೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಫೆಬ್ರವರಿ ೨೮ರಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಕಾಯಿದೆಗೆ ಅರುವತ್ತೇಳು ವರ್ಷ ವಯಸ್ಸಾಗಿದ್ದಿತು.

ಇವೆಲ್ಲವೂ ಹಣವನ್ನು ಮುರಿದುಕೊಳ್ಳದಿರುವ ಉಪಾಯಗಳು. ಮುರಿದುಕೊಂಡ ಮೇಲೆ ಕಟ್ಟದೆ ಉಳಿಸಿಕೊಳ್ಳುವುದು ಬೇರೆಯೇ ಆದ ವಿಷಯ. ಮೊದಲು ಹೇಳಿದ ವೇತನ-ನಿಕ್ಷೇಪಗಳ ಭೇದವು ಇಲ್ಲಿ ಜೀವ ತಳೆಯುವುದು. ಮಾಲಿಕನು ಸಂಬಳದ ಪುಸ್ತಕದಲ್ಲಿ ಕೆಲಸಗಾರನಿಂದ ಇಷ್ಟು ವಸೂಲಾಯಿತೆಂದು ಬರೆಯುತ್ತಾನೆ. ಆ ಹಣವನ್ನು ನಿಧಿಗೆ ಕಟ್ಟುವುದಿಲ್ಲ. ಇದು ಯಾವ ಅಪರಾಧ? ೧೯೫೨ರ ಕಾಯಿದೆಯ ೧೪ನೆಯ ಕಲಮಿನಲ್ಲಿ ಯೋಜನೆಯನ್ನು ಮೀರಿದುದಕ್ಕೆ ಶಿಕ್ಷೆಯಿದ್ದಿತು. ೧೯೫೩ರಲ್ಲಿ ಸೇರಿದ ೧೪ಬಿ ಕಲಮು ತಡವಾದ ಬಾಕಿಯ ಮೇಲೆ ನೂರಕ್ಕೆ ೨೫ರವರೆಗೆ ನಷ್ಟಪರಿಹಾರವನ್ನು ವಿಧಿಸುತ್ತಿದ್ದಿತು. ಇದರಲ್ಲಿ ಒಂದು ಕೊರತೆಯುಂಟು. ಬ್ಯಾಂಕಿನಿಂದ ಸಾಲ ತಂದರೆ ಬಡ್ಡಿಯನ್ನು ತೆರಬೇಕು, ಅಡಮಾನವನ್ನು ಕೊಡಬೇಕು. ಕೆಲಸಗಾರರ ವಂತಿಗೆಯನ್ನು ಉಳಿಸಿಕೊಂಡರೆ ಅಡಮಾನವೂ ಇಲ್ಲ, ಕೇಳುವವರು ಬರುವುದೂ ತಡ. ಸಿಕ್ಕಿಬಿದ್ದವನು ದಂಡವನ್ನು ವ್ಯಾಪಾರದ ಒಂದು ಖರ್ಚೆಂದು ಎಣಿಸಬಹುದಾಗಿದ್ದಿತು.

ಭಾರತ ದಂಡಸಂಹಿತೆಯ ೪೦೫ನೆಯ ಕಲಮಿನಲ್ಲಿ ಹೇಳಿರುವ ನಂಬಿಕೆದ್ರೋಹದ ಆರೋಪವನ್ನು ಹೊರಿಸೋಣವೆಂದರೆ ಅಲ್ಲಿಯೂ ತೊಡಕಿದ್ದಿತು. ಆ ಅಪರಾಧಕ್ಕೆ ಮೊದಲು ಸ್ವತ್ತನ್ನು ‘ಒಪ್ಪಿಸಿರಬೇಕು’. ಕೆಲಸಗಾರನು ಏನನ್ನು ಒಪ್ಪಿಸಿದನು? ಅವನ ಕೈಗೆ ಹಣವೇ ಬರಲಿಲ್ಲ. ಮಾಲಿಕನ ಪೆಟ್ಟಿಗೆಯಲ್ಲಿದ್ದ ಹಣವು ಮಾಲಿಕನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಬದಲಾದುದು ಪುಸ್ತಕದ ಒಂದು ಸಾಲು ಮಾತ್ರ. ಹೀಗಿರುವಲ್ಲಿ ಅವನು ಬಾಕಿದಾರನೇ ಹೊರತು ದ್ರೋಹಿಯಲ್ಲವೆಂದು ವಾದಿಸಲು ವಕೀಲರಿಗೆ ಅವಕಾಶವಿದ್ದಿತು. ತರ್ಕದ ದೃಷ್ಟಿಯಿಂದ ಈ ವಾದವು ದುರ್ಬಲವಾದುದಲ್ಲವೆಂದು ಒಪ್ಪಬೇಕು. ಅದಕ್ಕೆ ಉತ್ತರವು ತರ್ಕದಿಂದ ಬರಲಿಲ್ಲ, ಶಾಸನದಿಂದ ಬಂದಿತು. ೧೯೭೩ರ ೪೦ನೆಯ ಕಾಯಿದೆಯು ಆ ವರ್ಷದ ನವೆಂಬರ್ ೧ರಿಂದ ೪೦೫ನೆಯ ಕಲಮಿಗೆ ಒಂದು ವಿವರಣೆಯನ್ನು ಸೇರಿಸಿತು. ಸಂಬಳದಿಂದ ವಂತಿಗೆಯನ್ನು ಮುರಿದುಕೊಂಡ ಮಾಲಿಕನಿಗೆ ಆ ಮೊಬಲಗು ಒಪ್ಪಿಸಲ್ಪಟ್ಟಿದೆಯೆಂದೇ ಭಾವಿಸತಕ್ಕದ್ದು; ಅದನ್ನು ನಿಧಿಗೆ ಕಟ್ಟದಿದ್ದರೆ ಕಾಯಿದೆಯ ಆದೇಶವನ್ನು ಉಲ್ಲಂಘಿಸಿ ಅಪ್ರಾಮಾಣಿಕವಾಗಿ ಬಳಸಿಕೊಂಡನೆಂದೇ ಭಾವಿಸತಕ್ಕದ್ದು. ಹಣವು ಕದಲದಿದ್ದರೂ ಕಾನೂನಿನ ಕಣ್ಣಿನಲ್ಲಿ ಎರಡು ಸಲ ಕೈ ಬದಲಾಯಿಸುವುದು: ಮಾಲಿಕನಿಂದ ಕೆಲಸಗಾರನಿಗೆ ಸಂಬಳವಾಗಿ, ಕೆಲಸಗಾರನಿಂದ ಮಾಲಿಕನಿಗೆ ನಿಕ್ಷೇಪವಾಗಿ. ಮನುವಿನ ಆರನೆಯ ಪದದಲ್ಲಿದ್ದ ವಿವಾದವು ಹೀಗೆ ಎರಡನೆಯ ಪದಕ್ಕೆ ದಾಟಿತು. ಆದರೆ ಈ ಕಲ್ಪನೆಯು ಕೆಲಸಗಾರನ ಪಾಲಿಗೆ ಮಾತ್ರ ಸಲ್ಲುವುದು. ಮಾಲಿಕನು ತನ್ನ ಸ್ವಂತ ಪಾಲನ್ನು ಕಟ್ಟದಿದ್ದರೆ ಅವನು ಇಂದಿಗೂ ಬಾಕಿದಾರನೇ. ವಿನಾಯಿತಿ ಪಡೆದ ಕಂಪೆನಿಗಳಿಗೂ ವಿವರಣೆಯು ಅನ್ವಯಿಸುವುದೆಂದು ೧೯೮೮ರಲ್ಲಿ ಸ್ಪಷ್ಟಪಡಿಸಲಾಯಿತು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ ೩೧೬ನೆಯ ಕಲಮಿನಲ್ಲಿ ಅದೇ ವಿವರಣೆಯು ಉಳಿದಿದೆ. ಸೆರೆವಾಸದ ಮಿತಿಯು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

೧೯೭೩ರ ಅದೇ ಕಾಯಿದೆಯು ೧೪ಬಿ ಕಲಮಿನ ನಷ್ಟಪರಿಹಾರವನ್ನು ಬಾಕಿಯ ಪೂರ್ತಿ ಮೊತ್ತದವರೆಗೆ ಏರಿಸಿತು. ಆ ಕಲಮು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ೧೯೭೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ನ್ಯಾಯಮೂರ್ತಿ ಕೃಷ್ಣ ಅ‌ಯ್ಯರ್ ಅವರು ಆಗ ಬರೆದ ಪ್ರತ್ಯೇಕ ತೀರ್ಪು ಇಂದಿಗೂ ಉದ್ಧೃತವಾಗುತ್ತಿದೆ. ೨೦೧೬ರ ದಿವಾಳಿ ಸಂಹಿತೆಯ ೩೬ನೆಯ ಕಲಮು ಇದಕ್ಕೂ ಒಂದು ಹೆಜ್ಜೆ ಮುಂದಿಟ್ಟಿದೆ. ಭವಿಷ್ಯನಿಧಿ, ಪಿಂಚಣಿ ನಿಧಿ, ಗ್ರಾಚ್ಯುಯಿಟಿ ನಿಧಿಗಳಿಂದ ಕೆಲಸಗಾರರಿಗೆ ಸಲ್ಲಬೇಕಾದ ಹಣವು ಮುಳುಗಿದ ಕಂಪೆನಿಯ ಆಸ್ತಿಯ ರಾಶಿಗೆ ಸೇರುವುದೇ ಇಲ್ಲ. ೧೯೫೨ರಲ್ಲಿ ಈ ಹಣಕ್ಕೆ ಸಾಲಿನಲ್ಲಿ ಮುಂದಿನ ಸ್ಥಾನವು ದೊರೆತಿದ್ದಿತು; ೨೦೧೬ರಲ್ಲಿ ಅದು ಸಾಲಿನಿಂದಲೇ ಹೊರಬಂದಿತು. ಹತ್ತಿಯ ವ್ಯಾಪಾರಿಯ ಪಕ್ಕದಲ್ಲಿ ನಿಂತಿದ್ದ ಮುದುಕನು ಅಲ್ಲಿಂದ ಬಿಡುಗಡೆ ಹೊಂದಲು ಎಂಬತ್ತು ವರ್ಷಗಳು ಹಿಡಿದವು.

ಸಾಹುಕಾರನೂ ಮಾಲಿಕನೂ ಹೀಗೆ ದೂರವಾದ ಮೇಲೆ ಉಳಿದವನು ಕೆಲಸಗಾರನು. ನಿಧಿಯು ಮುಪ್ಪಿಗೆಂದು ಹುಟ್ಟಿದುದು. ಆದರೆ ಬದುಕು ಮುಪ್ಪಿನವರೆಗೆ ಕಾಯುವುದಿಲ್ಲ. ಮನೆ ಕಟ್ಟುವುದಕ್ಕೆ, ಕಾಯಿಲೆಗೆ, ಮಕ್ಕಳ ಮದುವೆ ಮತ್ತು ಓದಿಗೆ ನಿಧಿಯಿಂದ ಮುಂಗಡವನ್ನು ಪಡೆಯಲು ಯೋಜನೆಯು ಒಂದೊಂದಾಗಿ ಕಿಟಕಿಗಳನ್ನು ತೆರೆಯಿತು. ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸವಿಲ್ಲದಿದ್ದವನು ಎರಡೂ ಪಾಲುಗಳನ್ನು ಪೂರ್ತಿಯಾಗಿ ಪಡೆಯಬಹುದಾಗಿದ್ದಿತು; ಮದುವೆಗಾಗಿ ಕೆಲಸ ಬಿಟ್ಟ ಹೆಂಗಸಿಗೆ ಆ ಎರಡು ತಿಂಗಳೂ ಬೇಕಾಗಿರಲಿಲ್ಲ. ಇದರಿಂದ ನಿಧಿಯ ಉದ್ದೇಶವೇ ಸೋರಿಹೋಗುವುದೆಂಬ ಚಿಂತೆಯು ಸರಕಾರದ ಕಡೆ ಬೆಳೆಯುತ್ತ ಬಂದಿತು. ಒಂದೇ ಸಲ ಮೊತ್ತವನ್ನು ಕೊಡುವುದರ ಬದಲು ತಿಂಗಳುತಿಂಗಳೂ ಕೊಡುವ ಪಿಂಚಣಿಯೇ ಮುಪ್ಪಿಗೆ ನಿಜವಾದ ಆಸರೆಯೆಂಬ ಅಭಿಪ್ರಾಯವು ೧೯೭೧ರ ಕುಟುಂಬ ಪಿಂಚಣಿ ಯೋಜನೆಯಲ್ಲಿಯೂ, ೧೯೯೫ರ ನವೆಂಬರ್ ೧೬ರಿಂದ ನಡೆದ ನೌಕರರ ಪಿಂಚಣಿ ಯೋಜನೆಯಲ್ಲಿಯೂ ರೂಪವನ್ನು ಪಡೆಯಿತು. ಕಾಯಿದೆಯ ಹೆಸರೇ ಈ ಬೆಳವಣಿಗೆಗೆ ಸಾಕ್ಷಿ: ೧೯೭೧ರಲ್ಲಿ ‘ಕುಟುಂಬ ಪಿಂಚಣಿ’ ಎಂಬ ಮಾತು ಅದಕ್ಕೆ ಸೇರಿತು, ೧೯೭೬ರಲ್ಲಿ ವಿಮೆಯೂ ಬಂದಾಗ ಹೆಸರುಗಳನ್ನು ಜೋಡಿಸಿ ಬೇಸತ್ತವರಂತೆ ‘ಇತರ ಉಪಬಂಧಗಳು’ ಎಂದು ಬರೆದು ಮುಗಿಸಿದರು. ೧೯೯೫ರ ಯೋಜನೆಯಂತೆ ಮಾಲಿಕನ ಪಾಲಿನಲ್ಲಿ ನೂರಕ್ಕೆ ೮.೩೩ ಪಿಂಚಣಿಗೆ ಹೋಗುವುದು. ಪಾಲು ಹನ್ನೆರಡಾಗಿರುವಲ್ಲಿ ಸದಸ್ಯನ ನಿಧಿಗೆ ಮಾಲಿಕನಿಂದ ಸೇರುವುದು ೩.೬೭ ಮಾತ್ರ.

ಈ ೩.೬೭ರ ವಿಷಯವಾಗಿಯೇ ಬೆಂಗಳೂರಿನಲ್ಲಿ ದೊಡ್ಡ ಕೋಲಾಹಲವು ನಡೆಯಿತು. ೨೦೧೬ರ ಫೆಬ್ರವರಿ ೧೦ರಂದು ಕೇಂದ್ರ ಸರಕಾರವು ಒಂದು ಅಧಿಸೂಚನೆಯನ್ನು ಹೊರಡಿಸಿತು. ಅದರಂತೆ ಕೆಲಸ ಬಿಟ್ಟವನು ತನ್ನ ಸ್ವಂತ ಪಾಲನ್ನೂ ಅದರ ಬಡ್ಡಿಯನ್ನೂ ಮಾತ್ರ ಪಡೆಯಬಹುದು. ಮಾಲಿಕನ ಪಾಲು ಐವತ್ತೆಂಟು ವರ್ಷ ತುಂಬುವವರೆಗೆ ನಿಧಿಯಲ್ಲಿಯೇ ಇರಬೇಕು. ಆ ತಿಂಗಳ ೨೯ರಂದು ಮಂಡಿತವಾದ ಆಯವ್ಯಯದಲ್ಲಿ, ನಿಧಿಯಿಂದ ಪಡೆಯುವ ಮೊತ್ತದ ಒಂದಂಶಕ್ಕೆ ತೆರಿಗೆಯನ್ನು ಹಾಕುವ ಸೂಚನೆಯೂ ಇದ್ದಿತು. ಸಂಬಳದಾರರ ಆಕ್ಷೇಪದಿಂದ ತೆರಿಗೆಯ ಸೂಚನೆಯನ್ನು ಮಾರ್ಚ್ ೮ರಂದೇ ಬಿಟ್ಟರು. ಅಧಿಸೂಚನೆಯು ಉಳಿಯಿತು, ಅದರ ಜಾರಿಯನ್ನು ಮಾತ್ರ ಏಪ್ರಿಲ್ ಕೊನೆಗೆ ಮುಂದೂಡಿದರು.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಅನೇಕರು ಹಳ್ಳಿಗಳಿಂದ ಬಂದವರು. ಐವತ್ತೆಂಟನೆಯ ವಯಸ್ಸಿನವರೆಗೆ ಹೊಲಿಗೆಯ ಯಂತ್ರದ ಮುಂದೆ ಕುಳಿತಿರುವೆವೆಂಬ ಎಣಿಕೆ ಅವರಿಗೆ ಇಲ್ಲ. ಐದು ವರ್ಷ ಎಡೆಬಿಡದೆ ಸೇವೆ ಮಾಡದವರಿಗೆ ೧೯೭೨ರ ಕಾಯಿದೆಯ ಗ್ರಾಚ್ಯುಯಿಟಿಯಿರಲಿಲ್ಲ. ಹತ್ತು ವರ್ಷ ತುಂಬದವರಿಗೆ ತಿಂಗಳ ಪಿಂಚಣಿಯಿಲ್ಲ. ಕೆಲಸ ಬಿಟ್ಟಾಗ ಕೈಗೆ ಒಟ್ಟಾಗಿ ಬರುವ ಹಣವೆಂದರೆ ‘ಪಿಎಫ್’ ಒಂದೇ. ಮಗಳ ಮದುವೆ, ಊರಿನ ಸಾಲ, ಮಕ್ಕಳ ಶಾಲೆಯ ಫೀಜು, ಇವೆಲ್ಲವೂ ಆ ಹಣವನ್ನು ನೆಚ್ಚಿಕೊಂಡಿದ್ದವು. ದೆಹಲಿಯ ಕಚೇರಿಯಲ್ಲಿ ಮುಪ್ಪಿನ ಆಸರೆಯಾಗಿ ಕಂಡುದು ಬೊಮ್ಮನಹಳ್ಳಿಯಲ್ಲಿ ನಡುಹರೆಯದ ಆಸರೆಯಾಗಿದ್ದಿತು. ಏಪ್ರಿಲ್ ೧೮ರಂದು ಹೊಸೂರು ರಸ್ತೆಯ ಕಡೆಯ ಕಾರ್ಖಾನೆಗಳಿಂದ ಸಾವಿರಾರು ಹೆಂಗಸರು ಬೀದಿಗೆ ಇಳಿದರು. ಯಾವ ಸಂಘದ ಕರೆಯೂ ಇದಕ್ಕೆ ಮೊದಲಿರಲಿಲ್ಲ. ಮುಂದಾಳುಗಳೆಂದು ತೋರಿಸಲು ಯಾರೂ ಇರಲಿಲ್ಲ. ಮರುದಿನ ತುಮಕೂರು ರಸ್ತೆಯ ಕಡೆಗೂ ಅದು ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿದ್ದಿತು, ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳು ಸುಟ್ಟವು, ಪೊಲೀಸರು ಲಾಠಿಯನ್ನು ಬೀಸಿದರು. ಸರಕಾರವು ಜಾರಿಯ ದಿನವನ್ನು ಜುಲೈ ಕೊನೆಗೆ ತಳ್ಳಿ ನೋಡಿತು. ಅದು ಸಾಲದೆ, ೧೯ರ ಸಂಜೆಯೇ ಕೇಂದ್ರದ ಕಾರ್ಮಿಕ ಸಚಿವರಾದ ಬಂಡಾರು ದತ್ತಾತ್ರೇಯರು ಅಧಿಸೂಚನೆಯನ್ನು ಪೂರ್ತಿಯಾಗಿ ಹಿಂತೆಗೆದುಕೊಂಡುದನ್ನು ಪ್ರಕಟಿಸಿದರು. ಎರಡು ದಿನಗಳ ಈ ಘಟನೆಯು ದೇಶದ ಎಲ್ಲ ಸದಸ್ಯರ ಹಕ್ಕನ್ನೂ ಮೊದಲಿದ್ದಂತೆಯೇ ಉಳಿಸಿತು.

ಅಧಿಸೂಚನೆಯ ಪಕ್ಷದಲ್ಲಿ ಹೇಳತಕ್ಕುದು ಇಲ್ಲವೆಂದಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಬರಿದಾದ ನಿಧಿಯು ಅರುವತ್ತರಲ್ಲಿ ಅನ್ನವನ್ನು ಕೊಡಲಾರದು. ೧೯೨೫ರ ಕಾಯಿದೆಯು ಸಾಹುಕಾರನಿಗೆ ಬರೆದುಕೊಡುವ ನೌಕರನ ಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ ಯಾರೂ ಆಕ್ಷೇಪಿಸಲಿಲ್ಲವೆಂದೂ, ಇದು ಅದರ ಮುಂದುವರಿಕೆಯೆಂದೂ ವಾದಿಸಬಹುದು. ಆದರೆ ಎರಡಕ್ಕೂ ಒಂದು ಭೇದವಿದೆ. ೧೯೨೫ರ ನಿಯಮಕ್ಕೆ ಗುರಿಯಾದವನು ಸರಕಾರದ ಅಥವಾ ರೈಲ್ವೆಯ ಕಾಯಮು ನೌಕರನು. ಅವನಿಗೆ ನಿವೃತ್ತಿಯ ದಿನವೆಂಬುದೊಂದು ಇದ್ದಿತು. ಕಾರ್ಖಾನೆಯಿಂದ ಕಾರ್ಖಾನೆಗೆ ಸಾಗುವವಳಿಗೆ ಅಂತಹ ದಿನವು ಪಂಚಾಂಗದಲ್ಲಿಯೇ ಇಲ್ಲ. ಕೆಲಸ ಬದಲಾದಂತೆಲ್ಲ ಹೊಸ ಸಂಖ್ಯೆ, ಹೊಸ ಖಾತೆ, ಹಳೆಯದನ್ನು ವರ್ಗಾಯಿಸಲು ಹಳೆಯ ಮಾಲಿಕನ ಸಹಿ. ೨೦೧೪ರಲ್ಲಿ ಸದಸ್ಯನಿಗೆ ಜೀವಮಾನಕ್ಕೆಲ್ಲ ಒಂದೇ ಎಂದು ಹನ್ನೆರಡು ಅಂಕೆಯ ಸಂಖ್ಯೆಯು ಬರುವವರೆಗೆ ಸ್ಥಿತಿಯು ಹೀಗಿದ್ದಿತು. ಹಿಂದಿನ ಖಾತೆಯನ್ನು ಬೆನ್ನಟ್ಟುವುದಕ್ಕಿಂತ ಮುಚ್ಚಿ ಹಣ ಪಡೆಯುವುದೇ ಜಾಣತನವೆಂದು ಕೆಲಸಗಾರರಿಗೆ ಕಲಿಸಿದುದು ನಿಧಿಯ ಆಡಳಿತವೇ ಹೊರತು ಅವರ ದುಂದುಗಾರಿಕೆಯಲ್ಲ.

೧೯೫೨ರ ಕಾಯಿದೆಯನ್ನೂ ಬೇರೆ ಎಂಟು ಕಾಯಿದೆಗಳನ್ನೂ ಒಂದುಗೂಡಿಸಿದ ಸಾಮಾಜಿಕ ಭದ್ರತಾ ಸಂಹಿತೆಗೆ ೨೦೨೦ರಲ್ಲಿ ಸಂಸತ್ತು ಒಪ್ಪಿಗೆಯನ್ನಿತ್ತಿತು. ೨೦೨೫ರ ನವೆಂಬರ್ ೨೧ರಂದು ಅದನ್ನು ಜಾರಿಗೆ ತರಲಾಯಿತು. ಬಾಕಿಯ ವಿಚಾರಣೆಯನ್ನು ಐದು ವರ್ಷಗಳ ಅವಧಿ ಮೀರಿದ ಮೇಲೆ ಆರಂಭಿಸಕೂಡದೆಂಬ ಮಿತಿಯು ಅದರಲ್ಲಿದೆ. ಹಳೆಯ ಕಾಯಿದೆಯಲ್ಲಿ ಅಂತಹ ಮಿತಿಯಿರಲಿಲ್ಲ. ನಿಕ್ಷೇಪಕ್ಕೆ ಕಾಲದ ಗಡುವನ್ನು ಹಾಕಿದ ಈ ಕಲಮು ಮಾಲಿಕರಿಗೆ ಅನುಕೂಲವಾದುದು. ಸಂಹಿತೆಯು ಜಾರಿಯಾಗುವುದಕ್ಕೆ ಮೊದಲಿನ ತಿಂಗಳಲ್ಲಿ, ಅಕ್ಟೋಬರ್ ೧೩ರಂದು, ನಿಧಿಯ ಕೇಂದ್ರೀಯ ಧರ್ಮದರ್ಶಿ ಮಂಡಲಿಯು ಹಣ ಪಡೆಯುವ ಹದಿಮೂರು ಬಗೆಯ ನಿಯಮಗಳನ್ನು ಮೂರಕ್ಕೆ ಇಳಿಸಿ ಮುಂಗಡದ ಕಿಟಕಿಗಳನ್ನು ಅಗಲಗೊಳಿಸಲು ನಿರ್ಧರಿಸಿತು. ಅದೇ ನಿರ್ಧಾರದಂತೆ ವಂತಿಗೆಯ ನಾಲ್ಕನೆಯ ಒಂದು ಭಾಗವು ಯಾವಾಗಲೂ ಖಾತೆಯಲ್ಲಿ ಉಳಿದಿರಬೇಕು. ಕೆಲಸ ಹೋದವನು ಉಳಿದ ಮುಕ್ಕಾಲು ಭಾಗವನ್ನು ಕೂಡಲೇ ಪಡೆಯಬಹುದು, ಆ ಕಾಲು ಭಾಗಕ್ಕೆ ಮಾತ್ರ ಹಿಂದಿನ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು.